ಪೆಟ್ರೋಲ್ ಆರುವುದೇಕೆ, ಡೀಸೆಲ್ ಉಳಿಯುವುದೇಕೆ: ಹೈಡ್ರೋಕಾರ್ಬನ್‌ಗಳ ಕುದಿಬಿಂದು ಮತ್ತು ಅಣುಗಳ ನಡುವಿನ ಸೆಳೆತ

ಕೊಡಗಿನ ಕಾಫಿ ತೋಟಗಳ ಶೆಡ್ಡಿನಲ್ಲಿ ವೀಡ್ ಕಟ್ಟರಿಗೆ ಬೇಕಾದ ಪೆಟ್ರೋಲ್, ಹೂಮಳೆ ಸಕಾಲಕ್ಕೆ ಬಾರದ ವರ್ಷ ಸ್ಪ್ರಿಂಕ್ಲರ್ ಪಂಪಿಗೆ ತುಂಬುವ ಡೀಸೆಲ್ ಮತ್ತು ಯಂತ್ರಗಳಿಗೆ ಹಾಕುವ ಆಯಿಲ್ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿರುತ್ತವೆ. ನೆಲಕ್ಕೆ ಚೆಲ್ಲಿದ ಪೆಟ್ರೋಲ್ ನೋಡುತ್ತಿದ್ದಂತೆ ಆರಿಹೋಗುತ್ತದೆ, ಡೀಸೆಲ್ಲಿನ ಕಲೆ ದಿನಗಟ್ಟಲೆ ಉಳಿಯುತ್ತದೆ, ಆಯಿಲ್ ಚೆಲ್ಲಿದ ಜಾಗವನ್ನು ಮಣ್ಣು ಹಾಕಿ ಉಜ್ಜಿಯೇ ತೆಗೆಯಬೇಕು. ಅದೇ ಮನೆಯ ಅಡುಗೆಕೋಣೆಯ ಗ್ಯಾಸನ್ನು ದ್ರವವಾಗಿ ಉಳಿಸಿಕೊಳ್ಳಲು ಉಕ್ಕಿನ ಸಿಲಿಂಡರಿನೊಳಗೆ ಒತ್ತಿ ತುಂಬಬೇಕಾಗುತ್ತದೆ. ಸಂಪಾಜೆ ಕಡೆಯ ತೋಟಗಳ ರಬ್ಬರ್ ಶೀಟನ್ನಾದರೋ ಹೊಗೆಕೋಣೆಯ ಬಿಸಿಗೆ ದಿನಗಟ್ಟಲೆ ತೂಗುಹಾಕಿದರೂ ಅದರಿಂದ ಹೊರಹೋಗುವುದು ನೀರು ಮಾತ್ರ, ರಬ್ಬರ್ ಆವಿಯಾಗುವುದಿಲ್ಲ.

ಈ ವಸ್ತುಗಳೆಲ್ಲ ಬಹುಮಟ್ಟಿಗೆ ಕಾರ್ಬನ್ ಮತ್ತು ಹೈಡ್ರೋಜನ್ ಎಂಬ ಎರಡೇ ಧಾತುಗಳಿಂದಾದ ಹೈಡ್ರೋಕಾರ್ಬನ್‌ಗಳು. ಧಾತುಗಳು ಅವೇ, ಅವುಗಳನ್ನು ಜೋಡಿಸಿರುವ ಬಂಧಗಳೂ ಹೆಚ್ಚುಕಡಿಮೆ ಅವೇ. ಹೀಗಿರುವಾಗ ಒಂದು ಅನಿಲವಾಗಿ, ಇನ್ನೊಂದು ಬೇಗ ಆರುವ ದ್ರವವಾಗಿ, ಮತ್ತೊಂದು ಎಂದೂ ಆರದ ಘನವಾಗಿ ಇರುವುದಕ್ಕೆ ಕಾರಣವೇನು? ಅಣುವಿನ ತೂಕ ಹೆಚ್ಚಿದಂತೆ ಕುದಿಬಿಂದು ಏರುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಆ ಮಾತು ಅನೇಕ ಕಡೆ ಅಂಕಿಗಳಿಗೆ ಹೊಂದುತ್ತದೆಯಾದರೂ ಕಾರಣವನ್ನು ಹೇಳುವುದಿಲ್ಲ, ಕೆಲವು ಕಡೆ ದಾರಿಯನ್ನೂ ತಪ್ಪಿಸುತ್ತದೆ. ಒಂದು ಅಣು ತನ್ನ ಪಕ್ಕದ ಅಣುವನ್ನು ಎಷ್ಟು ಅಗಲಕ್ಕೆ ತಾಗಿಕೊಂಡು, ಎಷ್ಟು ಬಲವಾಗಿ ಸೆಳೆದಿಟ್ಟುಕೊಂಡಿದೆ ಎಂಬುದರಲ್ಲಿಯೇ ನಿಜವಾದ ಕಾರಣವಿದೆ.

ಕುದಿಯುವಾಗ ಏನು ಬಿಡಿಸಿಕೊಳ್ಳುತ್ತದೆ, ಏನು ಹಾಗೆಯೇ ಉಳಿಯುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ದ್ರವ ಹೆಕ್ಸೇನ್ ಕುದಿದು ಆವಿಯಾದಾಗ ಆ ಆವಿಯೂ ಹೆಕ್ಸೇನೇ. ಪ್ರತಿ ಅಣುವಿನ ಆರು ಕಾರ್ಬನ್‌ಗಳೂ ಹದಿನಾಲ್ಕು ಹೈಡ್ರೋಜನ್‌ಗಳೂ ಮೊದಲಿದ್ದಂತೆಯೇ ಜೋಡಿಕೊಂಡಿರುತ್ತವೆ. ಕಾರ್ಬನ್ ಮತ್ತು ಕಾರ್ಬನ್ ನಡುವಿನ ಒಂದು ಏಕಬಂಧವನ್ನು ಮುರಿಯಲು ಮೋಲಿಗೆ (ಅಣುಗಳನ್ನೋ ಬಂಧಗಳನ್ನೋ ಎಣಿಸಲು ರಸಾಯನಶಾಸ್ತ್ರ ಬಳಸುವ ಒಂದು ನಿಗದಿತ ಸಂಖ್ಯೆಗೆ) ಸುಮಾರು 350 ಕಿಲೋಜೂಲ್ ಶಕ್ತಿ ಬೇಕು. ಕಾರ್ಬನ್ ಮತ್ತು ಹೈಡ್ರೋಜನ್ ನಡುವಿನದಕ್ಕೆ ಸುಮಾರು 410. ಆದರೆ ದ್ರವ ಮೀಥೇನನ್ನು ಅದರ ಕುದಿಬಿಂದುವಿನಲ್ಲಿ ಆವಿಯಾಗಿಸಲು ಮೋಲಿಗೆ ಸುಮಾರು 8 ಕಿಲೋಜೂಲ್ ಸಾಕು, ಹೆಕ್ಸೇನನ್ನು ಅದರ ಕುದಿಬಿಂದುವಿನಲ್ಲಿ ಆವಿಯಾಗಿಸಲು 29. ಅಣುವಿನೊಳಗಿನ ಬಂಧ ಮುರಿಯುವ ಮಾತೇ ಇಲ್ಲಿಲ್ಲ ಎಂಬುದನ್ನು ಈ ಅಂಕಿಗಳೇ ತೋರಿಸುತ್ತವೆ. ಕುದಿಯುವಾಗ ಸೋಲುವುದು ಒಂದು ಅಣುವಿಗೂ ಇನ್ನೊಂದಕ್ಕೂ ನಡುವೆ ಇರುವ ಸೆಳೆತ ಮಾತ್ರ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ 'ಸಹವೇಲೆನ್ಸೀಯ ಬಂಧ ದುರ್ಬಲವಾಗಿರುವುದರಿಂದ ಮೀಥೇನಿನ ಕುದಿಬಿಂದು ಕಡಿಮೆ' ಎಂದು ಬರೆಯುವುದುಂಟು. ಈ ವಿಷಯದಲ್ಲಿ ಬೇರೆಲ್ಲಕ್ಕಿಂತ ಮೊದಲು ತಿದ್ದಬೇಕಾದ ಗ್ರಹಿಕೆ ಇದೇ.

ಕುದಿಬಿಂದು ಎಂದರೆ ದ್ರವದ ಆವಿ ಒತ್ತಡವು, ಅಂದರೆ ದ್ರವದಿಂದ ಹೊರಬೀಳುವ ಆವಿ ಹಾಕುವ ಒತ್ತಡವು, ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುವ ಉಷ್ಣತೆ. ಆ ಹಂತ ತಲುಪಿದಾಗ ದ್ರವದ ಮೇಲ್ಮೈಯಲ್ಲಿ ಮಾತ್ರವಲ್ಲದೆ ಒಳಗೂ ಆವಿಯ ಗುಳ್ಳೆಗಳು ಹುಟ್ಟಿ ಬೆಳೆಯಬಲ್ಲವು. ಆದ್ದರಿಂದ ಕುದಿಬಿಂದು ದ್ರವದ ಗುಣವೊಂದನ್ನೇ ಅವಲಂಬಿಸಿಲ್ಲ, ಜಾಗದ ಎತ್ತರವನ್ನೂ ಅವಲಂಬಿಸಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಶೇಕಡಾ 87ರಷ್ಟು ಮಾತ್ರ, ಹೀಗಾಗಿ ಅಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 96 ಡಿಗ್ರಿಗೆ. ಹಗುರ ಹೈಡ್ರೋಕಾರ್ಬನ್‌ಗಳ ಕುದಿಬಿಂದುವೂ ಅಲ್ಲಿ ಸುಮಾರು ನಾಲ್ಕು ಡಿಗ್ರಿ ಕೆಳಗಿಳಿಯುತ್ತದೆ. ಮುಂದೆ ಬರುವ ಕುದಿಬಿಂದುಗಳೆಲ್ಲ ಸಮುದ್ರಮಟ್ಟದ ಒತ್ತಡದವು, ಸೆಲ್ಸಿಯಸ್ ಮಾಪಕದವು. ಮಡಿಕೇರಿಯ ಅಂಕಿ ಬೇಕಾದಲ್ಲಿ ಅದನ್ನು ಬೇರೆಯಾಗಿಯೇ ಹೇಳುತ್ತೇನೆ.

ಇನ್ನು ಆ ಸೆಳೆತ ಯಾವುದು? ನೀರಿನ ಅಣುವಿನಲ್ಲಿ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಬಲವಾಗಿ ಎಳೆದುಕೊಳ್ಳುವುದರಿಂದ ಒಂದು ಬದಿ ಸ್ವಲ್ಪ ಋಣವಾಗಿಯೂ ಇನ್ನೊಂದು ಬದಿ ಸ್ವಲ್ಪ ಧನವಾಗಿಯೂ ಶಾಶ್ವತವಾಗಿ ಉಳಿಯುತ್ತದೆ, ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿಯುತ್ತವೆ. ಹೈಡ್ರೋಕಾರ್ಬನ್‌ಗಳಲ್ಲಿ ಆ ಅನುಕೂಲವಿಲ್ಲ. ಎಲೆಕ್ಟ್ರಾನ್‌ಗಳನ್ನು ಎಳೆಯುವ ಸಾಮರ್ಥ್ಯವನ್ನು ಅಳೆಯುವ ಪೌಲಿಂಗ್ ಮಾಪಕದಲ್ಲಿ ಆಕ್ಸಿಜನ್ನಿಗೆ 3.44 ಇದ್ದರೆ ಕಾರ್ಬನ್ನಿಗೆ 2.55, ಹೈಡ್ರೋಜನ್ನಿಗೆ 2.20. ಕೊನೆಯ ಎರಡರ ಅಂತರ ಅತ್ಯಲ್ಪ, ಅದರ ಪರಿಣಾಮವೂ ಅಣುವಿನ ಎಲ್ಲ ದಿಕ್ಕಿಗೂ ಹಂಚಿಹೋಗುವುದರಿಂದ ಧ್ರುವಗಳು ಬಹುಮಟ್ಟಿಗೆ ಉಳಿಯುವುದಿಲ್ಲ. ಆದರೂ ಮೀಥೇನನ್ನು ಸಾಕಷ್ಟು ತಣಿಸಿದರೆ ಅದು ದ್ರವವಾಗುತ್ತದೆ, ಅಂದರೆ ಅದರ ಅಣುಗಳೂ ಒಂದನ್ನೊಂದು ಸೆಳೆಯುತ್ತವೆ. ಅನಿಲದ ಅಣುಗಳ ನಡುವೆ ಆಕರ್ಷಣೆ ಇದೆಯೆಂದು ಲೆಕ್ಕಕ್ಕೆ ತೆಗೆದುಕೊಂಡು ಅನಿಲದಿಂದ ದ್ರವದವರೆಗಿನ ವರ್ತನೆಯನ್ನು ಒಂದೇ ಸಮೀಕರಣದಲ್ಲಿ ವಿವರಿಸಿದವರು ಯೋಹಾನಸ್ ವಾನ್ ಡರ್ ವಾಲ್ಸ್. ಲೈಡನ್ ವಿಶ್ವವಿದ್ಯಾಲಯಕ್ಕೆ 1873ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಆರಂಭವಾದ ಆ ಕೆಲಸಕ್ಕಾಗಿ ಅವರಿಗೆ 1910ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದರೆ ಧ್ರುವಗಳೇ ಇಲ್ಲದ ಅಣುಗಳು ಹೇಗೆ ಸೆಳೆಯುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಕ್ವಾಂಟಮ್ ಸಿದ್ಧಾಂತ ಹುಟ್ಟಬೇಕಾಯಿತು. 1930ರಲ್ಲಿ ಫ್ರಿಟ್ಸ್ ಲಂಡನ್ ಎಂಬ ಭೌತಶಾಸ್ತ್ರಜ್ಞರು ಅದನ್ನು ವಿವರಿಸಿದ್ದರಿಂದ ಆ ಸೆಳೆತಕ್ಕೆ ಲಂಡನ್ ಬಲ ಎಂದೇ ಹೆಸರು.

ಅವರ ವಿವರಣೆಯ ತಿರುಳನ್ನು ಗಣಿತವಿಲ್ಲದೆಯೂ ಹಿಡಿಯಬಹುದು. ಅಣುವಿನ ಎಲೆಕ್ಟ್ರಾನ್‌ಗಳು ಒಂದು ಕಡೆ ನಿಂತಿರುವುದಿಲ್ಲ. ಕಾಲದ ಸರಾಸರಿ ತೆಗೆದರೆ ಅವು ಸಮವಾಗಿ ಹರಡಿಕೊಂಡಿವೆಯಾದರೂ ಯಾವುದೇ ಒಂದು ಕ್ಷಣದಲ್ಲಿ ಒಂದು ಬದಿಗೆ ತುಸು ಹೆಚ್ಚು, ಇನ್ನೊಂದು ಬದಿಗೆ ತುಸು ಕಡಿಮೆ ಇರುತ್ತವೆ. ಆ ಕ್ಷಣಕ್ಕೆ ಅಣುವಿಗೆ ಒಂದು ಋಣ ತುದಿಯೂ ಒಂದು ಧನ ತುದಿಯೂ ಹುಟ್ಟುತ್ತವೆ. ಪಕ್ಕದ ಅಣುವಿನ ಎಲೆಕ್ಟ್ರಾನ್‌ಗಳು ಅದಕ್ಕೆ ತಕ್ಕಂತೆ ಆಚೆಗೋ ಈಚೆಗೋ ಸರಿಯುವುದರಿಂದ ಎದುರುಬದುರಾದ ಬದಿಗಳು ವಿರುದ್ಧ ಆವೇಶದವಾಗುತ್ತವೆ, ಎರಡೂ ಅಣುಗಳು ಹತ್ತಿರಕ್ಕೆ ಎಳೆಯಲ್ಪಡುತ್ತವೆ. ಮರುಕ್ಷಣ ಈ ಏರ್ಪಾಡು ಬದಲಾಗುತ್ತದೆ, ಆದರೆ ಎರಡರ ಚಲನೆಯೂ ಹೊಂದಿಕೊಂಡೇ ಬದಲಾಗುವುದರಿಂದ ನಿವ್ವಳ ಫಲ ಯಾವಾಗಲೂ ಆಕರ್ಷಣೆಯೇ. ಈ ಆಕರ್ಷಣೆಯ ಎರಡು ಲಕ್ಷಣಗಳು ಮುಂದಿನ ಎಲ್ಲಕ್ಕೂ ಆಧಾರ. ಒಂದು, ಎಲೆಕ್ಟ್ರಾನ್ ಮೋಡ ದೊಡ್ಡದಿದ್ದಷ್ಟು, ಸಡಿಲವಿದ್ದಷ್ಟು ಅದು ಸುಲಭವಾಗಿ ಸರಿಯುತ್ತದೆ, ಸೆಳೆತ ಹೆಚ್ಚುತ್ತದೆ. ಇನ್ನೊಂದು, ಸೆಳೆತದ ಶಕ್ತಿ ದೂರದ ಆರನೇ ಘಾತಕ್ಕೆ ವಿಲೋಮವಾಗಿರುವುದರಿಂದ ದೂರ ಇಮ್ಮಡಿಯಾದರೆ ಅದು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೈಗೆ ಮೈ ತಾಗಿರುವ ಭಾಗಗಳು ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತವೆ ಎಂದರೂ ತಪ್ಪಲ್ಲ.

ಈ ಬಲವನ್ನು ಪುಸ್ತಕಗಳು 'ದುರ್ಬಲ' ಎಂದು ಕರೆಯುತ್ತವೆ. ಒಂದು ಜಾಗದ ತಾಗುವಿಕೆಯನ್ನಷ್ಟೇ ನೋಡಿದರೆ ಅದು ದುರ್ಬಲವೇ, ಆದರೆ ಅಣುವಿನ ಉದ್ದಕ್ಕೂ ಕೂಡಿಸಿದಾಗ ಚಿತ್ರ ಬೇರೆಯಾಗುತ್ತದೆ. ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಒಂದು ಗಿಣ್ಣಿನ ಬೇರನ್ನು ಬೆರಳಿನಿಂದ ಬಿಡಿಸಬಹುದಾದರೂ ಹತ್ತಾರು ಅಡಿ ಹಬ್ಬಿದ ಬಳ್ಳಿಯನ್ನು ಒಮ್ಮೆಗೇ ಎಳೆದು ತೆಗೆಯಲಾಗದು. ಉದ್ದ ಸರಪಳಿಯ ಅಣುಗಳ ಹಿಡಿತವೂ ಹೀಗೆಯೇ ಗಿಣ್ಣುಗಿಣ್ಣಿಗೆ ಕೂಡುತ್ತಾ ಹೋಗುತ್ತದೆ. ಇದಕ್ಕೆ ಅಳತೆಯೂ ಇದೆ. ನೇರ ಸರಪಳಿಯ ಆಲ್ಕೇನ್‌ಗಳನ್ನು (ಏಕಬಂಧಗಳು ಮಾತ್ರ ಇರುವ ಹೈಡ್ರೋಕಾರ್ಬನ್‌ಗಳನ್ನು) 25 ಡಿಗ್ರಿಯಲ್ಲಿ ಆವಿಯಾಗಿಸಲು ಬೇಕಾಗುವ ಶಕ್ತಿ ಮೋಲಿಗೆ ಪೆಂಟೇನಿಗೆ 26.4 ಕಿಲೋಜೂಲ್, ಹೆಕ್ಸೇನಿಗೆ 31.6, ಹೆಪ್ಟೇನಿಗೆ 36.6, ಆಕ್ಟೇನಿಗೆ 41.5. ಒಂದು ಕಾರ್ಬನ್ ಮತ್ತು ಅದರ ಎರಡು ಹೈಡ್ರೋಜನ್ ಸೇರಿದಾಗಲೆಲ್ಲ ಹಿಡಿತ ಸುಮಾರು 5 ಕಿಲೋಜೂಲ್ ಹೆಚ್ಚುತ್ತದೆ.

ಈ ಏರಿಕೆಯೇ ಕುದಿಬಿಂದುಗಳ ಸಾಲಿನಲ್ಲಿ ಕಾಣುತ್ತದೆ. ಮೀಥೇನ್ ಮೈನಸ್ 161.5, ಈಥೇನ್ ಮೈನಸ್ 88.6, ಪ್ರೋಪೇನ್ ಮೈನಸ್ 42.1, ಬ್ಯೂಟೇನ್ ಮೈನಸ್ 0.5, ಪೆಂಟೇನ್ 36.1, ಹೆಕ್ಸೇನ್ 68.7, ಹೆಪ್ಟೇನ್ 98.4, ಆಕ್ಟೇನ್ 125.7, ಡೆಕೇನ್ 174.1, ಹದಿನಾರು ಕಾರ್ಬನ್ನಿನ ಹೆಕ್ಸಾಡೆಕೇನ್ ಸುಮಾರು 287 ಡಿಗ್ರಿ. ಮೀಥೇನಿನಿಂದ ಈಥೇನಿಗೆ 73 ಡಿಗ್ರಿ ಏರಿದರೆ ಹೆಪ್ಟೇನಿನಿಂದ ಆಕ್ಟೇನಿಗೆ ಏರುವುದು 27 ಮಾತ್ರ. ಹೆಜ್ಜೆ ಕಿರಿದಾಗುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಒಂದು ಕಾರ್ಬನ್ನಿಗೆ ಇನ್ನೊಂದು ಸೇರಿದರೆ ಅಣು ಸುಮಾರು ಇಮ್ಮಡಿಯಾಗುತ್ತದೆ, ಏಳಕ್ಕೆ ಒಂದು ಸೇರಿದರೆ ಏಳರಲ್ಲೊಂದು ಪಾಲು ಮಾತ್ರ ಬೆಳೆಯುತ್ತದೆ. ಅಲ್ಲದೆ ಕುದಿಬಿಂದು ಮೇಲೇರಿದಂತೆ ಆ ಬಿಸಿಗೆ ದ್ರವ ಹಿಗ್ಗಿ ಅಣುಗಳು ತುಸು ದೂರ ಸರಿದಿರುತ್ತವೆ, ದೂರಕ್ಕೆ ಅಷ್ಟೊಂದು ಸೂಕ್ಷ್ಮವಾದ ಸೆಳೆತ ಅಷ್ಟರಮಟ್ಟಿಗೆ ಸಡಿಲಿರುತ್ತದೆ. ಉದ್ದ ಸರಪಳಿಗಳು ಆವಿಯಾದಾಗ ಬೇಕಾದಂತೆ ಬಾಗಿ ಬಳುಕುವ ಸ್ವಾತಂತ್ರ್ಯವನ್ನೂ ಪಡೆಯುವುದರಿಂದ ಆ ಸ್ವಾತಂತ್ರ್ಯವೂ ಅವುಗಳನ್ನು ಆವಿಯ ಕಡೆಗೆ ತಳ್ಳುತ್ತದೆ.

ತೂಕವೇ ಕಾರಣವೆಂಬ ಉತ್ತರವನ್ನು ಇಲ್ಲಿಗೆ ತಂದು ಪರೀಕ್ಷಿಸಬಹುದು. ಸರಪಳಿ ಉದ್ದವಾದಂತೆ ತೂಕ, ಎಲೆಕ್ಟ್ರಾನ್‌ಗಳ ಸಂಖ್ಯೆ, ಮೇಲ್ಮೈ ಮೂರೂ ಒಟ್ಟಿಗೆ ಹೆಚ್ಚುತ್ತವೆ. ಮೀಥೇನಿನಲ್ಲಿ 10 ಎಲೆಕ್ಟ್ರಾನ್‌ಗಳಿದ್ದರೆ ಆಕ್ಟೇನಿನಲ್ಲಿ 66. ಮೂರೂ ಜೊತೆಯಾಗಿ ಸಾಗುವಾಗ ಕಾರಣ ಯಾವುದು, ಜೊತೆಗಾರ ಯಾವುದು ಎಂದು ತಿಳಿಯಬೇಕಾದರೆ ಅವುಗಳನ್ನು ಬೇರ್ಪಡಿಸುವ ಉದಾಹರಣೆ ಬೇಕು. ಹೆಕ್ಸೇನಿನ ಹದಿನಾಲ್ಕು ಹೈಡ್ರೋಜನ್‌ಗಳ ಜಾಗದಲ್ಲಿ ಹದಿನಾಲ್ಕು ಫ್ಲೋರಿನ್‌ಗಳನ್ನು ಇಟ್ಟರೆ ಪರ್‌ಫ್ಲೂರೋಹೆಕ್ಸೇನ್ ಸಿಗುತ್ತದೆ. ಅದರ ಅಣುತೂಕ 338, ಹೆಕ್ಸೇನಿನದು 86. ತೂಕವೇ ಕಾರಣವಾಗಿದ್ದರೆ ಅದು ಹೆಕ್ಸೇನಿಗಿಂತ ನೂರಾರು ಡಿಗ್ರಿ ಮೇಲೆ ಕುದಿಯಬೇಕಿತ್ತು, ಆದರೆ ಅದು ಸುಮಾರು 57 ಡಿಗ್ರಿಗೆ, ಹೆಕ್ಸೇನಿಗಿಂತ ಮೊದಲೇ ಕುದಿಯುತ್ತದೆ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಅಲುಗಾಡಲು ಬಿಡದಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಇನ್ನೂ ಶುದ್ಧವಾದ ಪರೀಕ್ಷೆ ಬೆಂಜೀನಿನದು. ಅದರ ಆರು ಹೈಡ್ರೋಜನ್‌ಗಳನ್ನು ಅದೇ ಧಾತುವಿನ ಭಾರದ ರೂಪವಾದ ಡ್ಯೂಟೀರಿಯಂನಿಂದ ಬದಲಿಸಿದರೆ ಎಲೆಕ್ಟ್ರಾನ್‌ಗಳ ಸಂಖ್ಯೆಯೂ ಅಣುವಿನ ಆಕಾರವೂ ಬದಲಾಗುವುದಿಲ್ಲ, ತೂಕ ಮಾತ್ರ 78ರಿಂದ 84ಕ್ಕೆ ಏರುತ್ತದೆ. ಕುದಿಬಿಂದು 80.1ರಿಂದ ಸುಮಾರು 79.1ಕ್ಕೆ ಇಳಿಯುತ್ತದೆ. ತೂಕ ಹೆಚ್ಚಿದರೂ ಕುದಿಬಿಂದು ಏರದಿರುವ ಈ ಒಂದು ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ ಉಳಿದ ಪಾಠ ಅರ್ಧದಷ್ಟು ಹಗುರವಾಗುತ್ತದೆ ಎಂಬುದು ನನ್ನ ನಂಬಿಕೆ.

ಆಕಾರದ ಪ್ರಭಾವವನ್ನು ನೋಡಲು ಪೆಂಟೇನಿನ ಮೂರು ಸಮಾಂಗಿಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೂರರಲ್ಲೂ ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್, 42 ಎಲೆಕ್ಟ್ರಾನ್, ತೂಕವೂ ಒಂದೇ. ಐದು ಕಾರ್ಬನ್‌ಗಳೂ ಒಂದೇ ಸಾಲಿನಲ್ಲಿರುವ ಪೆಂಟೇನ್ 36.1 ಡಿಗ್ರಿಗೆ ಕುದಿಯುತ್ತದೆ. ಒಂದು ಕಾರ್ಬನ್ ಕವಲಾಗಿ ಬದಿಗೆ ಸರಿದ ಐಸೋಪೆಂಟೇನ್ 27.8 ಡಿಗ್ರಿಗೆ. ನಡುವಿನ ಒಂದು ಕಾರ್ಬನ್ನಿನ ಸುತ್ತ ನಾಲ್ಕು ಕಾರ್ಬನ್‌ಗಳು ನಾಲ್ಕು ದಿಕ್ಕಿಗೆ ನಿಂತಿರುವ ನಿಯೋಪೆಂಟೇನ್ ಕುದಿಯುವುದು 9.5 ಡಿಗ್ರಿಗೇ. ಸರಳುಗಳಂತೆ ಉದ್ದವಿರುವ ಅಣುಗಳು ಬದಿಗೆ ಬದಿ ಹೊಂದಿಕೊಂಡು ಉದ್ದಕ್ಕೂ ತಾಗಬಲ್ಲವು. ಗುಂಡಗಿನವು ಪರಸ್ಪರ ಒಂದು ಚಿಕ್ಕ ಜಾಗದಲ್ಲಿ ಮಾತ್ರ ತಾಗುತ್ತವೆ, ಉಳಿದ ಮೇಲ್ಮೈ ದೂರದಲ್ಲೇ ಉಳಿಯುತ್ತದೆ, ದೂರದಲ್ಲಿರುವುದು ಆರನೇ ಘಾತದ ನಿಯಮದಿಂದ ಬಹುತೇಕ ನಿಷ್ಪ್ರಯೋಜಕವಾಗುತ್ತದೆ.

ಮಡಿಕೇರಿಯ ಒತ್ತಡದಲ್ಲಿ ಈ ಮೂರರ ಕುದಿಬಿಂದುಗಳು ಸುಮಾರು 32, 24 ಮತ್ತು 5 ಡಿಗ್ರಿ ಎಂದು ಲೆಕ್ಕ ಹಾಕಬಹುದು. ಹಾಗಾಗಿ 12 ಡಿಗ್ರಿಯ ಚಳಿಗಾಲದ ಬೆಳಿಗ್ಗೆ ಅಲ್ಲಿ ನಿಯೋಪೆಂಟೇನ್ ಅನಿಲವಾಗಿಯೂ ಉಳಿದೆರಡು ದ್ರವವಾಗಿಯೂ ಇರುತ್ತವೆ. ಬೇಸಗೆಯ 28 ಡಿಗ್ರಿಯ ಮಧ್ಯಾಹ್ನ ಐಸೋಪೆಂಟೇನೂ ಕುದಿದುಹೋಗಿ ನೇರ ಸರಪಳಿಯದೊಂದೇ ದ್ರವವಾಗಿ ಉಳಿಯುತ್ತದೆ. ಒಂದೇ ಊರಿನ ಒಂದೇ ಗಾಳಿಯಲ್ಲಿ, ಒಂದೇ ತೂಕದ ಅಣುಗಳ ನಡುವೆ ಇಷ್ಟು ವ್ಯತ್ಯಾಸ ತರುವುದು ಆಕಾರವೊಂದೇ. ಆದರೆ ಇದೇ ತರ್ಕವನ್ನು ಕರಗುವ ಬಿಂದುವಿಗೆ ಹಚ್ಚಬಾರದು. ಘನವಾಗುವಾಗ ಅಣುಗಳು ಎಷ್ಟು ಅಚ್ಚುಕಟ್ಟಾಗಿ ಜೋಡಿಕೊಳ್ಳುತ್ತವೆ ಎಂಬುದೂ ಲೆಕ್ಕಕ್ಕೆ ಬರುವುದರಿಂದ ಗುಂಡಗಿನ ನಿಯೋಪೆಂಟೇನ್ ಮೈನಸ್ 16.5 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ನೇರ ಪೆಂಟೇನ್ ಮೈನಸ್ 130ರವರೆಗೂ ದ್ರವವಾಗಿರುತ್ತದೆ.

ಉಂಗುರಗಳ ಮತ್ತು ದ್ವಿಬಂಧಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಹೆಕ್ಸೇನಿಗಿಂತ ಎರಡು ಹೈಡ್ರೋಜನ್ ಕಡಿಮೆ ಇರುವ ಸೈಕ್ಲೋಹೆಕ್ಸೇನ್ 80.7 ಡಿಗ್ರಿಗೆ, ಅಂದರೆ ಹೆಕ್ಸೇನಿಗಿಂತ 12 ಡಿಗ್ರಿ ಮೇಲೆ ಕುದಿಯುತ್ತದೆ. ತುದಿಗಳಿಲ್ಲದ, ಹೆಚ್ಚು ಬಳುಕದ ಉಂಗುರಗಳು ಒಂದರ ಪಕ್ಕ ಒಂದು ಸ್ಥಿರವಾಗಿ ಒತ್ತಿಕೊಂಡಿರಬಲ್ಲವು. ಇದಕ್ಕೆ ಪ್ರತಿಯಾಗಿ ದ್ವಿಬಂಧದಿಂದ ಕುದಿಬಿಂದುವಿಗೆ ದೊಡ್ಡ ಬದಲಾವಣೆ ಬರುವುದಿಲ್ಲ. ನಾಲ್ಕು ಕಾರ್ಬನ್ನಿನ 2-ಬ್ಯೂಟೀನಿನಲ್ಲಿ ಎರಡು ತುದಿಗಳೂ ಒಂದೇ ಬದಿಗಿರುವ ಸಿಸ್ ರೂಪಕ್ಕೆ ಸಣ್ಣದೊಂದು ಶಾಶ್ವತ ಧ್ರುವೀಯತೆ ಇರುವುದರಿಂದ ಅದು 3.7 ಡಿಗ್ರಿಗೂ, ಆ ಧ್ರುವೀಯತೆ ರದ್ದಾಗಿರುವ ಟ್ರಾನ್ಸ್ ರೂಪ 0.9 ಡಿಗ್ರಿಗೂ ಕುದಿಯುತ್ತವೆ. ಹೈಡ್ರೋಕಾರ್ಬನ್‌ಗಳಲ್ಲಿ ಧ್ರುವೀಯತೆಯ ಪಾಲು ಎಷ್ಟು ಚಿಕ್ಕದೆಂಬುದಕ್ಕೆ ಈ ಮೂರು ಡಿಗ್ರಿಯೇ ಅಳತೆ.

ಹೈಡ್ರೋಜನ್ ಬಂಧದೊಂದಿಗೆ ಹೋಲಿಸಿದಾಗ ಲಂಡನ್ ಬಲದ ಮಿತಿಯೂ ಸಾಮರ್ಥ್ಯವೂ ಒಟ್ಟಿಗೆ ಕಾಣುತ್ತವೆ. ಪ್ರೋಪೇನಿನ ಅಣುತೂಕ 44, ಎಥನಾಲಿನದು 46. ಮೊದಲನೆಯದು ಮೈನಸ್ 42ಕ್ಕೆ, ಎರಡನೆಯದು 78 ಡಿಗ್ರಿಗೆ ಕುದಿಯುತ್ತದೆ. 120 ಡಿಗ್ರಿಗಳ ಈ ಅಂತರವನ್ನು ತಂದಿರುವುದು ಬಹುಮಟ್ಟಿಗೆ ಎಥನಾಲಿನ ಒಂದು ಆಕ್ಸಿಜನ್ ಮತ್ತು ಅದಕ್ಕಂಟಿದ ಹೈಡ್ರೋಜನ್. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಹಿಚುಕಿದಾಗ ಚಿಮ್ಮುವ ಎಣ್ಣೆಯ ಬಹುಪಾಲು ಲಿಮೊನೀನ್ ಎಂಬ ಹತ್ತು ಕಾರ್ಬನ್ನಿನ ಹೈಡ್ರೋಕಾರ್ಬನ್, ಅದರ ಕುದಿಬಿಂದು 176 ಡಿಗ್ರಿ. ಲಿಮೊನೀನಿಗೆ ಒಂದು ನೀರಿನ ಅಣುವನ್ನು ಕೂಡಿಸಿದರೆ ಆಲ್ಫಾ ಟರ್ಪಿನಿಯೋಲ್ ಆಗುತ್ತದೆ, ಏಲಕ್ಕಿಯ ಎಣ್ಣೆಯಲ್ಲಿ ಅದು ಸ್ವಲ್ಪ ಪ್ರಮಾಣದಲ್ಲಿದೆ. ಟರ್ಪಿನಿಯೋಲ್ ಹೈಡ್ರೋಜನ್ ಬಂಧ ಮಾಡಬಲ್ಲದಾದ್ದರಿಂದ ಅದರ ಕುದಿಬಿಂದು ಸುಮಾರು 219ಕ್ಕೆ ಏರುತ್ತದೆ. ಇಲ್ಲಿ ಏರಿಕೆ 43 ಡಿಗ್ರಿ ಮಾತ್ರ ಎಂಬುದನ್ನು ಗಮನಿಸಬೇಕು. ಅಣು ದೊಡ್ಡದಾದಂತೆ ಹೈಡ್ರೋಕಾರ್ಬನ್ ಭಾಗದ ಹಿಡಿತವೇ ಒಟ್ಟು ಹಿಡಿತದ ಹೆಚ್ಚಿನ ಪಾಲಾಗುವುದರಿಂದ ಹೈಡ್ರೋಜನ್ ಬಂಧದ ಕೊಡುಗೆ ಎದ್ದುಕಾಣುವುದಿಲ್ಲ. ಹೈಡ್ರೋಜನ್ ಬಂಧಗಳಿಂದ ತುಂಬಿದ ನೀರು 100 ಡಿಗ್ರಿಗೇ ಕುದಿಯುವಾಗ ಆ ಬಂಧ ಒಂದೂ ಇಲ್ಲದ ಹೆಕ್ಸಾಡೆಕೇನ್ 287ರವರೆಗೆ ತಾಳುತ್ತದೆ. 'ದುರ್ಬಲ' ಬಲಗಳು ಕೂಡಿದಾಗ ಏನಾಗುತ್ತದೆ ಎಂಬುದನ್ನು ಅದೇ ತೋರಿಸುತ್ತದೆ.

ಇಲ್ಲಿಂದ ನಿತ್ಯದ ವಸ್ತುಗಳ ಕಡೆಗೆ ಬರಬಹುದು. ಅಡುಗೆ ಗ್ಯಾಸ್ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಸಿಲಿಂಡರಿನೊಳಗೆ ಅದು ದ್ರವವಾಗಿದ್ದು ಮೇಲಿನ ಜಾಗದಲ್ಲಿ ಮಾತ್ರ ಆವಿಯಿರುತ್ತದೆ. ಒಲೆಗೆ ಬರುವುದು ಆ ಆವಿ. ಚಳಿಗಾಲದ 10 ಡಿಗ್ರಿಯಲ್ಲಿ ಶುದ್ಧ ಪ್ರೋಪೇನಿನ ಆವಿ ಒತ್ತಡ ವಾತಾವರಣದ ಒತ್ತಡದ ಆರು ಪಟ್ಟಿಗಿಂತ ಹೆಚ್ಚಿದ್ದರೆ ಶುದ್ಧ ಬ್ಯೂಟೇನಿನದು ಒಂದೂವರೆ ಪಟ್ಟಿನಷ್ಟು ಮಾತ್ರ. ಒಂದೇ ಒಂದು ಕಾರ್ಬನ್ನಿನ ಹೆಚ್ಚಳದಿಂದ ಸೆಳೆತದಲ್ಲಾದ ವ್ಯತ್ಯಾಸ ಇದು. ಹೀಗಾಗಿ ಸಿಲಿಂಡರಿನಿಂದ ಪ್ರೋಪೇನ್ ಹೆಚ್ಚಿನ ಪ್ರಮಾಣದಲ್ಲಿ ಮೊದಲು ಹೊರಬರುತ್ತದೆ, ಬಳಸುತ್ತಾ ಹೋದಂತೆ ಉಳಿದ ದ್ರವದಲ್ಲಿ ಬ್ಯೂಟೇನಿನ ಪಾಲು ಏರುತ್ತದೆ, ಒತ್ತಡ ಇಳಿಯುತ್ತದೆ. ಚಳಿಗಾಲದಲ್ಲಿ ಸಿಲಿಂಡರ್ ಮುಗಿಯುತ್ತಾ ಬಂದಾಗ ಉರಿ ಸೊರಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣವೂ ಸೆಳೆತದ್ದೇ. ದ್ರವದಿಂದ ಅಣುಗಳನ್ನು ಬಿಡಿಸಲು ಕಿಲೋಗ್ರಾಮಿಗೆ 350ರಿಂದ 400 ಕಿಲೋಜೂಲಿನಷ್ಟು ಶಾಖ ಬೇಕು, ಆ ಶಾಖ ಬರುವುದು ದ್ರವದಿಂದಲೇ ಮತ್ತು ಸಿಲಿಂಡರಿನ ಉಕ್ಕಿನಿಂದಲೇ. ಒಲೆಯನ್ನು ಬಹಳ ಹೊತ್ತು ದೊಡ್ಡದಾಗಿ ಉರಿಸಿದಾಗ ಸಿಲಿಂಡರಿನ ಕೆಳಭಾಗ ತಣ್ಣಗಾಗಿ, ಮಳೆಗಾಲದ ಒದ್ದೆ ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಆ ಹನಿಗಳ ಸಾಲು ಎಲ್ಲಿಗೆ ನಿಲ್ಲುತ್ತದೋ ಬಹುಮಟ್ಟಿಗೆ ಅಲ್ಲಿಯವರೆಗೆ ಒಳಗೆ ದ್ರವವಿದೆ ಎಂದು ತಿಳಿಯಬಹುದು. ಉರಿ ಸೊರಗಿತೆಂದು ಸಿಲಿಂಡರನ್ನು ಬೆಂಕಿಯ ಹತ್ತಿರ ಇಟ್ಟು ಬೆಚ್ಚಗಾಗಿಸುವುದನ್ನು ಮಾತ್ರ ಎಂದಿಗೂ ಮಾಡಬಾರದು, ಏಕೆಂದರೆ ಆವಿ ಒತ್ತಡ ಉಷ್ಣತೆಯೊಂದಿಗೆ ಸಮಪ್ರಮಾಣದಲ್ಲಿ ಏರದೆ ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ.

ಪೆಟ್ರೋಲ್ ಮತ್ತು ಡೀಸೆಲ್ ಕುದಿಯದೆಯೇ ಆರುತ್ತವಲ್ಲ, ಅದಕ್ಕೂ ಕುದಿಬಿಂದುವಿಗೂ ಏನು ಸಂಬಂಧ ಎಂದು ಕೇಳಬಹುದು. ಕುದಿಬಿಂದುವಿಗಿಂತ ಕೆಳಗೂ ದ್ರವದ ಮೇಲ್ಮೈಯಿಂದ ವೇಗದ ಅಣುಗಳು ತಪ್ಪಿಸಿಕೊಳ್ಳುತ್ತಲೇ ಇರುತ್ತವೆ, ಎಷ್ಟು ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಆವಿ ಒತ್ತಡ ಹೇಳುತ್ತದೆ. 25 ಡಿಗ್ರಿಯಲ್ಲಿ ಹೆಕ್ಸೇನಿನ ಆವಿ ಒತ್ತಡ ಸುಮಾರು 20,000 ಪಾಸ್ಕಲ್, ಆಕ್ಟೇನಿನದು 1,900, ಡೆಕೇನಿನದು 180, ಹೆಕ್ಸಾಡೆಕೇನಿನದು 0.2ರ ಆಸುಪಾಸು. ಪ್ರತಿ ಕಾರ್ಬನ್ ಸೇರಿದಾಗಲೂ ಒತ್ತಡ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಹತ್ತು ಕಾರ್ಬನ್ ಸೇರುವಷ್ಟರಲ್ಲಿ ಲಕ್ಷದಲ್ಲಿ ಒಂದಕ್ಕೆ. ಕುದಿಬಿಂದುಗಳ ಸಾಲಿನಲ್ಲಿ ಒಂದಷ್ಟು ಡಿಗ್ರಿಗಳಾಗಿ ಕಾಣುವ ವ್ಯತ್ಯಾಸ ನೆಲದ ಮೇಲಿನ ಕಲೆಯಲ್ಲಿ ನಿಮಿಷಗಳಿಗೂ ವಾರಗಳಿಗೂ ಇರುವ ಅಂತರವಾಗುವುದು ಈ ಗುಣಾಕಾರದಿಂದ. ಪೆಟ್ರೋಲ್ ಎಂದರೆ ಸುಮಾರು ನಾಲ್ಕರಿಂದ ಹನ್ನೆರಡು ಕಾರ್ಬನ್ನಿನವರೆಗಿನ, 30ರಿಂದ 200 ಡಿಗ್ರಿಗಳ ಆಸುಪಾಸಿನಲ್ಲಿ ಕುದಿಯುವ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಡೀಸೆಲ್ ಸುಮಾರು ಹತ್ತರಿಂದ ಇಪ್ಪತ್ತು ಕಾರ್ಬನ್‌ಗಳ ಆಚೀಚಿನದು, 180ರಿಂದ 360 ಡಿಗ್ರಿಗಳವರೆಗೆ ಕುದಿಯುವಂಥದ್ದು. ಪೆಟ್ರೋಲ್ ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಮೊದಲು ಹೋಗುವುವು ಅದರ ಹಗುರ ಭಾಗಗಳೇ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟ ಪೆಟ್ರೋಲಿನಿಂದ ವೀಡ್ ಕಟ್ಟರ್ ಬೆಳಗಿನ ಚಳಿಯಲ್ಲಿ ಸುಲಭವಾಗಿ ಶುರುವಾಗದಿರುವುದಕ್ಕೆ ಇದೂ ಕಾರಣವಾಗಬಹುದು.

ಕಚ್ಚಾತೈಲದಿಂದ ಇವನ್ನು ಬೇರ್ಪಡಿಸುವ ಆಂಶಿಕ ಆಸವನ ನಿಂತಿರುವುದೂ ಇದೇ ಸೆಳೆತದ ಏಣಿಯ ಮೇಲೆ. ಕೊಡಗಿಗೆ ಅತಿ ಹತ್ತಿರದ ತೈಲ ಶುದ್ಧೀಕರಣಾಗಾರ ಘಟ್ಟದ ಕೆಳಗೆ ಮಂಗಳೂರಿನಲ್ಲಿದೆ. ಅಂಥ ಕಾರ್ಖಾನೆಗಳಲ್ಲಿ ಕಚ್ಚಾತೈಲವನ್ನು ಸುಮಾರು 350 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಎತ್ತರದ ಗೋಪುರದೊಳಗೆ ಬಿಡುತ್ತಾರೆ, ಕಡಿಮೆ ಹಿಡಿತದ ಅಣುಗಳು ಮೇಲಿನವರೆಗೆ ಆವಿಯಾಗಿ ಸಾಗುತ್ತವೆ, ಹೆಚ್ಚು ಹಿಡಿತದವು ಕೆಳಗಿನ ತಟ್ಟೆಗಳಲ್ಲೇ ದ್ರವವಾಗುತ್ತವೆ. ತಳದಲ್ಲಿ ಉಳಿದದ್ದನ್ನು ಇನ್ನೂ ಹೆಚ್ಚು ಕಾಯಿಸಿದರೆ ಅಣುಗಳು ಆವಿಯಾಗುವ ಬದಲು ಒಡೆಯಲು ಆರಂಭಿಸುತ್ತವೆ. ಆದ್ದರಿಂದ ಆ ಭಾಗವನ್ನು ಗಾಳಿಯ ಒತ್ತಡ ಬಹುಮಟ್ಟಿಗೆ ತೆಗೆದ ಇನ್ನೊಂದು ಗೋಪುರದಲ್ಲಿ ಆವಿಯಾಗಿಸುತ್ತಾರೆ. ಎಂಜಿನ್ ಆಯಿಲಿಗೆ ಮೂಲವಾದ ಎಣ್ಣೆ ಬರುವುದು ಅಲ್ಲಿಂದ. ಒತ್ತಡ ಇಳಿದಂತೆ ಕುದಿಬಿಂದು ಇಳಿಯುತ್ತದೆ ಎಂಬ ನಿಯಮ ಮಡಿಕೇರಿಯ ನೀರಿಗೂ ಆ ಗೋಪುರಕ್ಕೂ ಒಂದೇ.

ಅಣು ಇನ್ನೂ ಉದ್ದವಾದರೆ? ಒಂದು ಕಾರ್ಬನ್ನಿಗೆ 5 ಕಿಲೋಜೂಲಿನಂತೆ ಲೆಕ್ಕ ಹಾಕಿದರೆ ಸುಮಾರು 70 ಕಾರ್ಬನ್ನಿನ ಸರಪಳಿಯನ್ನು ನೆರೆಯ ಅಣುಗಳಿಂದ ಪೂರ್ತಿ ಬಿಡಿಸಲು ಬೇಕಾದ ಶಕ್ತಿ, ಆ ಸರಪಳಿಯೊಳಗಿನ ಒಂದು ಬಂಧವನ್ನು ಮುರಿಯಲು ಬೇಕಾದ 350 ಕಿಲೋಜೂಲಿಗೆ ಸಮನಾಗುತ್ತದೆ. ಇದು ಒರಟು ಲೆಕ್ಕ, ಆದರೂ ರಬ್ಬರ್ ಏಕೆ ಕುದಿಯುವುದಿಲ್ಲ ಎಂಬುದನ್ನು ಇದು ಹೇಳುತ್ತದೆ. ರಬ್ಬರಿನ ಅಣು ಐದು ಕಾರ್ಬನ್ನಿನ ಐಸೊಪ್ರೀನ್ ಘಟಕಗಳು ಸಾವಿರಗಟ್ಟಲೆ ಪೋಣಿಸಿದ ಸರಪಳಿ. ಬಿಡಿ ಐಸೊಪ್ರೀನ್ 34 ಡಿಗ್ರಿಗೇ ಕುದಿಯುವ ಹಗುರ ದ್ರವ. ಪೋಣಿಸಿದ ಸರಪಳಿಗೆ ಕುದಿಬಿಂದುವೇ ಇಲ್ಲ, ಅದನ್ನು ಕಾಯಿಸುತ್ತಾ ಹೋದರೆ ಆವಿಯಾಗುವ ಮೊದಲೇ ತುಂಡಾಗುತ್ತದೆ. 1860ರಲ್ಲಿ ಗ್ರೆವಿಲ್ ವಿಲಿಯಮ್ಸ್ ಎಂಬ ರಸಾಯನಶಾಸ್ತ್ರಜ್ಞರು ರಬ್ಬರನ್ನು ಹೀಗೆ ಕಾಯಿಸಿಯೇ ಐಸೊಪ್ರೀನನ್ನು ಬೇರ್ಪಡಿಸಿದರು. ಆ ತುಂಡುಗಳಲ್ಲಿ ಎರಡು ಐಸೊಪ್ರೀನ್ ಘಟಕಗಳು ಸೇರಿದ ಡೈಪೆಂಟೀನೂ ಇರುತ್ತದೆ, ಅದು ಬೇರೆಯೇನಲ್ಲ, ಕನ್ನಡಿಯ ಬಿಂಬದಂತೆ ಒಂದಕ್ಕೊಂದು ತಿರುಗುಮುರುಗಾಗಿರುವ ಲಿಮೊನೀನಿನ ಎಡಗೈ ಮತ್ತು ಬಲಗೈ ರೂಪಗಳ ಸಮಮಿಶ್ರಣ. ಐಸೊಪ್ರೀನಿನ ಒಂದು, ಎರಡು ಮತ್ತು ಸಾವಿರಾರು ಘಟಕಗಳು ಕ್ರಮವಾಗಿ 34 ಡಿಗ್ರಿಯಲ್ಲಿ, 176 ಡಿಗ್ರಿಯಲ್ಲಿ ಮತ್ತು ಎಂದೂ ಕುದಿಯದ ಸ್ಥಿತಿಯಲ್ಲಿ ಇರುವುದನ್ನು ನೋಡಿದರೆ ಇಡೀ ವಿಷಯ ಒಂದೇ ಸಾಲಿನಲ್ಲಿ ಕಾಣುತ್ತದೆ.

ಲಿಮೊನೀನಿನಂಥ ಎಣ್ಣೆಗಳನ್ನು ಕಿತ್ತಳೆ ಸಿಪ್ಪೆಯಿಂದಾಗಲಿ ಕರಿಮೆಣಸಿನಿಂದಾಗಲಿ ತೆಗೆಯುವಾಗ 176 ಡಿಗ್ರಿಗೆ ಕಾಯಿಸಿದರೆ ಪರಿಮಳವೇ ಕೆಟ್ಟುಹೋಗುತ್ತದೆ. ಹಬೆಯ ಬಟ್ಟಿ ಅದಕ್ಕೆ ಪರಿಹಾರ, ಅದೂ ಅಣುಗಳ ಸೆಳೆತದಿಂದಲೇ ಸಾಧ್ಯವಾಗಿರುವುದು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ತಮ್ಮತಮ್ಮನ್ನೇ ಹಿಡಿದುಕೊಂಡು ಹೈಡ್ರೋಕಾರ್ಬನ್ನನ್ನು ಒಳಗೆ ಬಿಟ್ಟುಕೊಳ್ಳದಿರುವುದರಿಂದ ಎರಡೂ ದ್ರವಗಳು ಬೆರೆಯುವುದಿಲ್ಲ. ಬೆರೆಯದ ದ್ರವಗಳು ತಮ್ಮತಮ್ಮ ಆವಿ ಒತ್ತಡವನ್ನು ಪೂರ್ತಿಯಾಗಿ ಕೊಡುತ್ತವೆ, ಎರಡರ ಮೊತ್ತ ಹೊರಗಿನ ಒತ್ತಡವನ್ನು ಮುಟ್ಟಿದೊಡನೆ ಕುದಿತ ಆರಂಭವಾಗುತ್ತದೆ. ಆದ್ದರಿಂದ ಲಿಮೊನೀನ್ ಮತ್ತು ನೀರು ಒಟ್ಟಿಗೆ ಶುದ್ಧ ನೀರಿನ ಕುದಿಬಿಂದುವಿಗಿಂತಲೂ ಸ್ವಲ್ಪ ಕೆಳಗೆ, ಮಡಿಕೇರಿಯಲ್ಲಾದರೆ 96 ಡಿಗ್ರಿಗಿಂತ ಕೆಳಗೆ ಹಬೆಯಾಗಿ ಬರುತ್ತವೆ. ಕರಿಮೆಣಸಿನ ಎಣ್ಣೆಯಲ್ಲಿ 156 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಪೈನೀನ್, 176ರ ಲಿಮೊನೀನ್ ಮುಂತಾದ ಹತ್ತು ಕಾರ್ಬನ್ನಿನ ಹೈಡ್ರೋಕಾರ್ಬನ್‌ಗಳ ಜೊತೆಗೆ ಹದಿನೈದು ಕಾರ್ಬನ್ನಿನ ಕ್ಯಾರಿಯೊಫಿಲೀನೂ ಇದೆ, ಅದರ ಕುದಿಬಿಂದು 250 ಡಿಗ್ರಿಗಿಂತ ಮೇಲೆ. ಬಟ್ಟಿಯ ಮೊದಲ ಭಾಗದಲ್ಲಿ ಪೈನೀನ್ ಮತ್ತು ಲಿಮೊನೀನ್ ಹೇರಳವಾಗಿ ಇಳಿಯುತ್ತವೆ, ಕ್ಯಾರಿಯೊಫಿಲೀನ್ ಮಾತ್ರ ನಿಧಾನವಾಗಿ ಗಂಟೆಗಟ್ಟಲೆ ಬರುತ್ತಿರುತ್ತದೆ. ಉರುವಲು ಉಳಿಸಲೆಂದು ಬಟ್ಟಿಯನ್ನು ಬೇಗ ನಿಲ್ಲಿಸಿದರೆ ಅದರ ಹೆಚ್ಚಿನ ಪಾಲು ಮೆಣಸಿನ ಪುಡಿಯಲ್ಲೇ ಉಳಿದುಹೋಗುತ್ತದೆ.